ಕಾರಿನ ಅಡಿಯಲ್ಲಿ ಗಡಗಡ ಸದ್ದು: ಮೂವರು ಮಿಸ್ತ್ರಿಗಳು, ಮೂರು ತೀರ್ಪು

ಫರ್ಶಿ ರಸ್ತೆ (ಕಲಬುರಗಿ), ಭಾನುವಾರ ಸಂಜೆ 6:40

ಎಲ್ಲರಿಗೂ ಶರಣು ಶರಣಾರ್ಥಿ. ನನ್ನದು ಎಂಟು ವರ್ಷ ಹಳೆಯ, ಪೆಟ್ರೋಲಿನ ಸಣ್ಣ ಕಾರು. ಇದುವರೆಗೆ 64,000 ಕಿಲೋಮೀಟರ್ ಓಡಿದೆ. ದೀಪಾವಳಿಯ ಹೊತ್ತಿಗೆ ಅದರ ಹೊಟ್ಟೆಯ ಕೆಳಗೆ ಎಲ್ಲಿಯೋ ಒಂದು ಗಡಗಡ ಸದ್ದು ಸೇರಿಕೊಂಡಿತು. ಸಂಕ್ರಾಂತಿ ಮುಗಿದರೂ ಅದು ಎಲ್ಲಿಂದ ಬರುತ್ತಿದೆ ಎಂಬುದು ಪತ್ತೆಯಾಗಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಝರ್ರೆಂದು ಕೇಳಿಸುತ್ತದೆ. ನಮ್ಮ ಓಣಿಯ ಫರ್ಶಿ ಕಲ್ಲುಗಳ ಮೇಲೆ ನಿಧಾನವಾಗಿ ಹೋಗುವಾಗಲೂ ಕೇಳಿಸುತ್ತದೆ. ಆದರೆ ಹುಮನಾಬಾದ್ ಕಡೆಯ ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹೋದರೆ ಒಮ್ಮೆಯೂ ಕೇಳಿಸುವುದಿಲ್ಲ.

ಮೊದಲನೆಯ ಮಿಸ್ತ್ರಿ ಎರಡೂ ಕಡೆಯ ಲಿಂಕ್ ರಾಡ್ (ಮುಂದಿನ ಚಕ್ರದ ಸಸ್ಪೆನ್ಷನ್ನಿನ ಒಂದು ಸಣ್ಣ ಸರಳು) ಬದಲಿಸಿ 2,600 ರೂಪಾಯಿ ತೆಗೆದುಕೊಂಡರು. ಸದ್ದು ಹಾಗೆಯೇ ಉಳಿಯಿತು. ಎರಡನೆಯವರು ಲೋಯರ್ ಆರ್ಮ್ ಬುಷ್ (ಚಕ್ರವನ್ನು ಹಿಡಿದಿರುವ ಕೆಳಗಿನ ತೋಳಿನ ರಬ್ಬರ್) ಹೋಗಿದೆ ಎಂದು 3,400 ರೂಪಾಯಿಯ ಕೆಲಸ ಮಾಡಿದರು. ಅದರಿಂದಲೂ ಏನೂ ಆಗಲಿಲ್ಲ. ಕೊನೆಗೆ ಒಂದು ದೊಡ್ಡ ಸರ್ವೀಸ್ ಸೆಂಟರಿಗೆ ಒಯ್ದರೆ, ಅವರು ಐದು ನಿಮಿಷ ನೋಡಿ, ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ಸಾಲಿನಲ್ಲಿ ಹೊಗೆಯ ವಿಷ ತಗ್ಗಿಸುವ ಡಬ್ಬಿ) ಒಳಗೆ ಒಡೆದಿದೆ, 38,000 ರೂಪಾಯಿ ಆಗುತ್ತದೆ ಎಂದರು. ಕಾರನ್ನು ಮಾರಿದರೇ ಎರಡು ಲಕ್ಷ ಸಿಗುವುದು ಕಷ್ಟ. ಹಣ ಕೊಡುವ ಮೊದಲು ನಿಮ್ಮನ್ನೊಮ್ಮೆ ಕೇಳೋಣವೆನಿಸಿತು.

ಸೆಕೆಂಡ್ ಗೇರ್ (ಕಲಬುರಗಿ), ಸಂಜೆ 6:52

ಡಿಕ್ಕಿಯಲ್ಲಿರುವ ಜಾಕ್, ವ್ಹೀಲ್ ಪಾನಾ ಮತ್ತು ಸ್ಟೆಪ್ನಿಯನ್ನು ಹೊರಗಿಟ್ಟು ಒಂದು ಸುತ್ತು ಹೋಗಿ ಬನ್ನಿ. ಅರ್ಧಕ್ಕರ್ಧ ಸದ್ದುಗಳು ಅಲ್ಲಿಯೇ ಸಿಗುತ್ತವೆ.

ಫರ್ಶಿ ರಸ್ತೆ, ಸಂಜೆ 7:05

ಅದನ್ನು ಮೊದಲ ವಾರವೇ ಮಾಡಿದ್ದೇನೆ ತಮ್ಮಾ. ಡಿಕ್ಕಿ ಖಾಲಿ ಇದ್ದರೂ ಸದ್ದು ಬರುತ್ತದೆ.

ಹಳೇ ಫಿಟ್ಟರ್ (ವಾಡಿ), ಸಂಜೆ 7:48

ಸಿಮೆಂಟ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವನು ನಾನು. ಕಾರಿನ ಮಿಸ್ತ್ರಿಯಲ್ಲದಿದ್ದರೂ, ತಿರುಗುವ ಮತ್ತು ಅಲುಗುವ ಕಬ್ಬಿಣದ ಸದ್ದನ್ನು ಆಲಿಸುವುದೇ ನನ್ನ ಹೊಟ್ಟೆಪಾಡಾಗಿತ್ತು. ನಿಮ್ಮ ಮೂವರು ಮಿಸ್ತ್ರಿಗಳೂ ಸದ್ದು ಯಾವಾಗ ಬರುತ್ತದೆ ಎಂದು ಕೇಳಿದ್ದಾರೆಯೇ ಹೊರತು, ಯಾವಾಗ ನಿಲ್ಲುತ್ತದೆ ಎಂದು ಕೇಳಿದಂತೆ ಕಾಣುವುದಿಲ್ಲ. ನನ್ನ ಅನುಭವದಲ್ಲಿ ಎರಡನೆಯ ಪ್ರಶ್ನೆಗೇ ಹೆಚ್ಚು ಬೆಲೆ.

ಆದ್ದರಿಂದ ನಾಳೆ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಕಾರನ್ನು ನಿಂತಲ್ಲಿಯೇ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರನ್ನು ನಿಧಾನವಾಗಿ ಒತ್ತುತ್ತ, ಯಾವ ಆರ್‌ಪಿಎಂನಲ್ಲಿ ಸದ್ದು ಹುಟ್ಟಿ ಯಾವುದರಲ್ಲಿ ಅಡಗುತ್ತದೆ ಎಂದು ಗಮನಿಸಿರಿ. ಕಾರು ನಿಂತಿರುವಾಗ ಬರುವ ಸದ್ದಿಗೂ ಸಸ್ಪೆನ್ಷನ್ನಿಗೂ ಸಂಬಂಧವಿರುವುದು ಅಪರೂಪ. ಅದು ಎಂಜಿನ್ನಿನ ನಡುಕದಿಂದ ಸೈಲೆನ್ಸರ್ ಸಾಲಿನಲ್ಲಿಯೋ ಎಂಜಿನ್ ಮೌಂಟಿನಲ್ಲಿಯೋ ಹುಟ್ಟುವಂಥದ್ದು. ಆಮೇಲೆ ಅದೇ ಫರ್ಶಿಯ ಮೇಲೆ ಹೋಗುತ್ತ ಕ್ಲಚ್ ಒತ್ತಿ ನೋಡಿರಿ. ಮತ್ತೊಮ್ಮೆ ಹೋಗುವಾಗ ಬ್ರೇಕ್ ಪೆಡಲಿನ ಮೇಲೆ ಪಾದವನ್ನು ಹಗುರವಾಗಿ, ವೇಗ ಅಷ್ಟಾಗಿ ತಗ್ಗದಂತೆ ಊರಿ ನೋಡಿರಿ. ಹ್ಯಾಂಡ್ ಬ್ರೇಕನ್ನೂ ಒಂದೆರಡು ಹಲ್ಲು ಎಳೆದು ನೋಡಬಹುದು. ಇವುಗಳಲ್ಲಿ ಯಾವುದರಿಂದ ಸದ್ದು ನಿಂತಿತೆಂದು ತಿಳಿಸಿದರೆ ಮುಂದಿನದನ್ನು ಹೇಳುತ್ತೇನೆ.

ಭೀಮಾತೀರ (ಯಾದಗಿರಿ), ರಾತ್ರಿ 8:10

ನನ್ನ ಕಾರಿನಲ್ಲಿಯೂ ಇಂಥದ್ದೇ ಸದ್ದಿದೆ, ನನಗೂ ಕನ್ವರ್ಟರ್ ಎಂದೇ ಹೇಳಿದ್ದಾರೆ. ಮೂವತ್ತು ನಲವತ್ತು ಸಾವಿರದ ಮಾತು ಬಂದಾಗಲೆಲ್ಲ ಇವರಿಗೆ ಕನ್ವರ್ಟರೇ ಏಕೆ ನೆನಪಾಗುತ್ತದೆಯೋ ತಿಳಿಯದು.

ಬಿದರಿ ಕಪ್ಪು (ಬೀದರ್), ರಾತ್ರಿ 8:31

ಫಿಟ್ಟರ್ ಕಾಕಾ ಹೇಳಿದ್ದು ಸರಿ. ಆದರೂ ಲಿಂಕ್ ರಾಡನ್ನು ಅಷ್ಟು ಬೇಗ ಬಿಡುಗಡೆ ಮಾಡಬೇಡಿರಿ. ಫರ್ಶಿಯ ಮೇಲೆ ನಿಧಾನವಾಗಿ ಹೋಗುವಾಗ ಟಕಟಕ ಎನ್ನುವುದು ಲಿಂಕ್ ರಾಡಿನದೇ ಲಕ್ಷಣ. ಹೊಸದು ಹಾಕಿದ ಮಾತ್ರಕ್ಕೆ ಅದು ನಿರಪರಾಧಿಯಾಗುವುದಿಲ್ಲ, ಏಕೆಂದರೆ ಅಗ್ಗದ ನಕಲಿ ಲಿಂಕ್ ರಾಡಿನ ಬಾಲ್ ಜಾಯಿಂಟ್ ತಿಂಗಳೊಪ್ಪತ್ತಿನಲ್ಲಿಯೇ ಸಡಿಲಾಗುವುದನ್ನು ನಾನೇ ಅನುಭವಿಸಿದ್ದೇನೆ.

ಇನ್ನೊಂದು ವಿಷಯ. ನಮ್ಮ ಕಡೆ ಬಹಳ ಮಂದಿ ಒಂದೇ ಬದಿಗೆ ಜಾಕ್ ಹಚ್ಚಿ ಚಕ್ರವನ್ನು ಎತ್ತಿ ಲಿಂಕ್ ರಾಡ್ ಅಲುಗಾಡಿಸಿ ನೋಡುತ್ತಾರೆ. ಒಂದು ಚಕ್ರ ಮೇಲೆ, ಇನ್ನೊಂದು ನೆಲದ ಮೇಲೆ ಇದ್ದಾಗ ಎರಡೂ ಬದಿಯ ಲಿಂಕ್ ರಾಡ್‌ಗಳನ್ನು ಜೋಡಿಸುವ ಸ್ಟೆಬಿಲೈಸರ್ ದಂಡ ತಿರುಚಿಕೊಂಡು ಲಿಂಕ್ ರಾಡನ್ನು ಬಿಗಿಯಾಗಿ ಹಿಡಿಯುವುದರಿಂದ, ಅದರಲ್ಲಿ ಆಟವಿದ್ದರೂ ಕೈಗೆ ಸಿಗುವುದಿಲ್ಲ. ಎರಡೂ ಚಕ್ರಗಳು ನೆಲದ ಮೇಲಿರುವಾಗ ಗುಂಡಿಗೆ ಇಳಿದು ನೋಡಬೇಕು, ಇಲ್ಲವೇ ಎರಡನ್ನೂ ಸಮನಾಗಿ ಎತ್ತಿ ನೋಡಬೇಕು. ಒಳ್ಳೆಯ ಗುಂಡಿ ಇರುವ ಗ್ಯಾರೇಜನ್ನು ಹುಡುಕಿಕೊಳ್ಳಿರಿ.

ಸೆಕೆಂಡ್ ಗೇರ್, ರಾತ್ರಿ 8:44

ಗ್ಯಾರೇಜು ಏಕೆ ಬೇಕು? ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಕಾರನ್ನು ಉರುಳಲು ಬಿಟ್ಟರೆ, ಸದ್ದು ಎಂಜಿನ್ನಿನದೋ ಚಕ್ರದ ಕಡೆಯದೋ ಎಂದು ತಕ್ಷಣ ಗೊತ್ತಾಗುತ್ತದೆ. ಆಮೇಲೆ ಜಾಕ್ ಹಚ್ಚಿ ಕೆಳಗೆ ಮಲಗಿ ಒಂದೊಂದೇ ನಟ್ಟು ನೋಡಿದರಾಯಿತು.

ಹಳೇ ಫಿಟ್ಟರ್, ರಾತ್ರಿ 9:02

ಮಗನೇ, ಇವೆರಡನ್ನೂ ಮಾಡಬೇಡ, ಇನ್ನೊಬ್ಬರಿಗೆ ಹೇಳಲೂ ಬೇಡ. ಎಂಜಿನ್ ಆಫ್ ಆದರೆ, ಪೆಡಲನ್ನು ಹಗುರ ಮಾಡುವ ಬ್ರೇಕ್ ಬೂಸ್ಟರಿನಲ್ಲಿ ಉಳಿದಿರುವ ನಿರ್ವಾತ ಒಂದೆರಡು ಬಾರಿ ಒತ್ತುವಷ್ಟರಲ್ಲಿ ತೀರಿ, ಪೆಡಲ್ ಕಲ್ಲಿನಂತಾಗುತ್ತದೆ. ಪವರ್ ಸ್ಟಿಯರಿಂಗ್ ಕೈಕೊಡುತ್ತದೆ. ಚಾವಿ ಹೊರಗೆ ಬಂದರಂತೂ ಸ್ಟಿಯರಿಂಗ್ ಲಾಕ್ ಆಗುತ್ತದೆ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರಲಿ, ಕ್ಲಚ್ ಒತ್ತಿದರೆ ಸಾಕು, ಅದೇ ಉತ್ತರ ಸಿಗುತ್ತದೆ.

ಜಾಕ್ ಇರುವುದು ಚಕ್ರ ಬದಲಿಸಲಿಕ್ಕೆ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬಾರದು. ಸ್ಟ್ಯಾಂಡ್ ಇಟ್ಟು, ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟ ಮೇಲೆಯೇ ಒಳಗೆ ಹೋಗಬೇಕು. ನಮ್ಮ ಎರೆ ನೆಲದಲ್ಲಿ ಸ್ಟ್ಯಾಂಡ್ ಕೂಡ ಹೂತುಹೋಗುತ್ತದೆ, ಅಡಿಗೆ ದಪ್ಪ ಹಲಗೆ ಇರಬೇಕು.

ಸೆಕೆಂಡ್ ಗೇರ್, ರಾತ್ರಿ 9:06

ತಪ್ಪಾಯಿತು ಕಾಕಾ, ಹಿಂತೆಗೆದುಕೊಂಡೆ.

ಶಾಲೆಯ ದಾರಿ (ಭಾಲ್ಕಿ), ರಾತ್ರಿ 9:40

ದಿನಾಲೂ ಹಳ್ಳಿಯ ಶಾಲೆಗೆ ಕಾರಿನಲ್ಲಿ ಹೋಗಿ ಬರುವ ಕನ್ನಡ ಶಿಕ್ಷಕಿ ನಾನು. ಯಂತ್ರದ ವಿಷಯ ನನಗೆ ಹೆಚ್ಚು ತಿಳಿಯದು, ಆದರೆ ನಿಮ್ಮ ಮೊದಲ ಬರಹವನ್ನು ಎರಡು ಸಲ ಓದಿದಾಗ ಒಂದು ಸಂಶಯ ಬಂದಿತು. ತಲೆಬರಹದಲ್ಲಿ ಗಡಗಡ ಎಂದಿದ್ದೀರಿ. ಬೆಳಗಿನ ಸದ್ದಿಗೆ ಝರ್ರ್ ಎಂದಿದ್ದೀರಿ. ಫರ್ಶಿಯ ಮೇಲಿನ ಸದ್ದಿಗೆ ಹೆಸರನ್ನೇ ಕೊಟ್ಟಿಲ್ಲ, ಬೀದರಿನವರು ತಾವೇ ಅದನ್ನು ಟಕಟಕ ಎಂದು ಕರೆದರು. ಅನುಕರಣಾವ್ಯಯದ ಪಾಠ ಮಾಡುವಾಗ ಮಕ್ಕಳಿಗೆ ನಾನು ಇದನ್ನೇ ಹೇಳುವುದು: ಝರ್ರ್ ಎನ್ನಬೇಕಾದರೆ ತೆಳ್ಳಗಿನದು ಬಿಡುವಿಲ್ಲದೆ ನಡುಗಬೇಕು, ಟಕಟಕ ಎನ್ನಬೇಕಾದರೆ ಗಟ್ಟಿಯಾದದ್ದು ಬಿಟ್ಟುಬಿಟ್ಟು ಬಡಿಯಬೇಕು, ಗಡಗಡ ಎನ್ನುವುದು ಭಾರವಾದದ್ದು ಉರುಳುವಾಗ ಅಥವಾ ಕುಲುಕಾಡುವಾಗ. ನಿಮ್ಮ ಕಾರಿನಲ್ಲಿರುವುದು ಒಂದೇ ಸದ್ದೋ, ಎರಡೋ?

ಅಂದಹಾಗೆ, ಎರಡು ವರ್ಷಗಳ ಹಿಂದೆ ನನ್ನ ಕಾರಿನ ಚಕ್ರದಿಂದ ಇದ್ದಕ್ಕಿದ್ದಂತೆ ಕರ್ರೋ ಎಂಬ ಭಯಂಕರ ಸದ್ದು ಬರತೊಡಗಿ, ನಡುದಾರಿಯಲ್ಲಿ ನಿಂತುಬಿಟ್ಟಿದ್ದೆ. ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಡಲೆಕಾಳಿನಷ್ಟು ಜಲ್ಲಿಯ ಚೂರು ಸಿಕ್ಕಿಕೊಂಡಿತ್ತು. ಕಾರನ್ನು ಸ್ವಲ್ಪ ರಿವರ್ಸ್ ತೆಗೆದುಕೊಂಡಾಗ ತಾನಾಗಿಯೇ ಉದುರಿತು.

ಭೀಮಾತೀರ, ರಾತ್ರಿ 9:51

ಅಕ್ಕೋರೇ, ನೀವು ವ್ಯಾಕರಣದಿಂದ ಕಾರು ರಿಪೇರಿ ಮಾಡುವವರು.

ಫರ್ಶಿ ರಸ್ತೆ, ಸೋಮವಾರ ಬೆಳಿಗ್ಗೆ 9:15

ಅಕ್ಕೋರ ಪ್ರಶ್ನೆಯಿಂದ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆರು ಗಂಟೆಗೇ ಎದ್ದು, ಮನೆಯವಳನ್ನು ಸ್ಟಿಯರಿಂಗ್ ಮುಂದೆ ಕೂರಿಸಿ, ನಾನು ಹೊರಗೆ ನಿಂತು ಕೇಳಿದೆ. ಸದ್ದುಗಳು ಎರಡಿವೆ. ಎರಡೂವರೆ ತಿಂಗಳು ಎರಡನ್ನೂ ಒಂದೇ ಎಂದುಕೊಂಡು, ಮೂವರು ಮಿಸ್ತ್ರಿಗಳಿಗೂ ಹಾಗೆಯೇ ವರ್ಣಿಸಿದ್ದೆ.

ಝರ್ರ್ ಎನ್ನುವುದು ಕಾರು ನಿಂತಿದ್ದಾಗಲೇ, 1,500 ಆರ್‌ಪಿಎಂನ ಸುತ್ತಮುತ್ತ ಬರುತ್ತದೆ. 2,000 ದಾಟಿದರೆ ಅಡಗುತ್ತದೆ. ಹತ್ತು ನಿಮಿಷ ಎಂಜಿನ್ ಓಡಿದ ಮೇಲೆ ಪೂರ್ತಿ ಮಾಯವಾಗುತ್ತದೆ. ಟಕಟಕ ಎನ್ನುವುದು ಕಾರು ಚಲಿಸುವಾಗ ಮಾತ್ರ, ಅದೂ ಒರಟು ನೆಲದ ಮೇಲೆ, ಎಡಗಡೆಯ ಮುಂದಿನಿಂದ ಬರುತ್ತದೆ. ಕ್ಲಚ್ ಒತ್ತಿದರೆ ಅದರಲ್ಲಿ ವ್ಯತ್ಯಾಸವಿಲ್ಲ. ಆದರೆ ಬ್ರೇಕ್ ಪೆಡಲಿನ ಮೇಲೆ ಪಾದ ಊರಿದ ಕ್ಷಣ ನಿಲ್ಲುತ್ತದೆ, ಪಾದ ತೆಗೆದರೆ ಮತ್ತೆ ಶುರುವಾಗುತ್ತದೆ. ನಾಲ್ಕು ಸಲ ಮಾಡಿ ನೋಡಿದೆ, ನಾಲ್ಕು ಸಲವೂ ಹಾಗೆಯೇ ಆಯಿತು.

ಹಳೇ ಫಿಟ್ಟರ್, ಬೆಳಿಗ್ಗೆ 10:20

ಬ್ರೇಕ್ ಪ್ಯಾಡನ್ನು ಯಾವಾಗ ಬದಲಿಸಿದಿರಿ?

ಫರ್ಶಿ ರಸ್ತೆ, ಬೆಳಿಗ್ಗೆ 10:24

ದಸರೆಗೆ, ಪೂಜೆಗಿಂತ ಮೊದಲು. ಹಾಂ.

ಹಳೇ ಫಿಟ್ಟರ್, ಬೆಳಿಗ್ಗೆ 10:58

ಆ ‘ಹಾಂ’ ಕೇಳಿ ಸಂತೋಷವಾಯಿತು. ಪ್ಯಾಡಿನ ಎರಡು ಕಿವಿಗಳು ಕ್ಯಾಲಿಪರಿನ (ಪ್ಯಾಡನ್ನು ಡಿಸ್ಕಿಗೆ ಅದುಮುವ ಭಾಗ) ಚೌಕಟ್ಟಿನಲ್ಲಿ ಕೂರುವ ಜಾಗದಲ್ಲಿ ಸ್ಪ್ರಿಂಗ್ ಉಕ್ಕಿನ ತೆಳುವಾದ ಕ್ಲಿಪ್‌ಗಳಿರುತ್ತವೆ. ಪ್ಯಾಡ್ ಅಲುಗಾಡದಂತೆ ಹಿಡಿದುಕೊಳ್ಳುವುದು ಅವುಗಳ ಕೆಲಸ. ಅವಸರದಲ್ಲಿ ಪ್ಯಾಡ್ ಬದಲಿಸುವವರು ಅವನ್ನು ಹಾಕದೇ ಬಿಡುವುದುಂಟು, ತುಕ್ಕು ಹಿಡಿದ ಹಳೆಯವನ್ನೇ ತುರುಕುವುದೂ ಉಂಟು. ಆಗ ಬ್ರೇಕ್ ಕೆಲಸ ಮಾಡುತ್ತದೆ, ಆದರೆ ಒರಟು ರಸ್ತೆಯಲ್ಲಿ ಪ್ಯಾಡ್ ತನ್ನ ಗೂಡಿನಲ್ಲಿ ಬಡಿದುಕೊಳ್ಳುತ್ತದೆ. ಪೆಡಲನ್ನು ಸ್ವಲ್ಪ ಒತ್ತಿದೊಡನೆ ಪಿಸ್ಟನ್ ಪ್ಯಾಡನ್ನು ಡಿಸ್ಕಿಗೆ ಅದುಮಿ ಹಿಡಿಯುವುದರಿಂದ ಬಾಯಿ ಮುಚ್ಚಿಕೊಳ್ಳುತ್ತದೆ. ನುಣುಪಾದ ಹೆದ್ದಾರಿಯಲ್ಲಿ ಕುಲುಕಾಟವೇ ಇಲ್ಲದ್ದರಿಂದ ಸದ್ದೂ ಇಲ್ಲ. ಕ್ಯಾಲಿಪರ್ ಸರಿದಾಡುವ ಸ್ಲೈಡ್ ಪಿನ್ ಸವೆದಿದ್ದರೂ ಇದೇ ಆಟ. ಎರಡನ್ನೂ ನೋಡಿಸಿರಿ, ಬ್ರೇಕಿನ ವಿಷಯವಾದ್ದರಿಂದ ತಡಮಾಡಬೇಡಿರಿ.

ಝರ್ರ್ ಎನ್ನುವುದು ನನ್ನ ಅಂದಾಜಿನಲ್ಲಿ ಸೈಲೆನ್ಸರ್ ಪೈಪಿನ ಮೇಲಿರುವ ಹೀಟ್ ಶೀಲ್ಡ್ ತಗಡು. ತಣ್ಣಗಿರುವಾಗ ಸಡಿಲವಾಗಿರುವ ತಗಡು ಒಂದು ನಿರ್ದಿಷ್ಟ ಆರ್‌ಪಿಎಂನಲ್ಲಿ ಎಂಜಿನ್ನಿನ ನಡುಕಕ್ಕೆ ತಾಳ ಹಾಕುತ್ತದೆ. ಕಾದ ಮೇಲೆ ಲೋಹ ಹಿಗ್ಗಿ ಎಲ್ಲಿಯೋ ಒತ್ತಿಕೊಂಡು ಸುಮ್ಮನಾಗುತ್ತದೆ.

ತೊಗರಿ ಕಣಜ (ಸೇಡಂ), ಬೆಳಿಗ್ಗೆ 11:30

ಆ ತಗಡಿನ ಸದ್ದು ನನ್ನ ಗಾಡಿಯಲ್ಲಿಯೂ ಇತ್ತು. ಕಿತ್ತು ಗುಜರಿಗೆ ಹಾಕಿದೆ, ಮೂರು ವರ್ಷವಾಯಿತು, ಏನೂ ಆಗಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಪಂಚಾಯಿತಿ ಏಕೆ?

ಬಿದರಿ ಕಪ್ಪು, ಬೆಳಿಗ್ಗೆ 11:52

ಏನೂ ಆಗಿಲ್ಲ ಎಂಬುದು ಇಲ್ಲಿಯವರೆಗಿನ ಮಾತು. ಕನ್ವರ್ಟರ್ ಮತ್ತು ಅದರ ಹಿಂದು ಮುಂದಿನ ಪೈಪು ಓಡುವಾಗ 400 ಡಿಗ್ರಿ ಸೆಲ್ಸಿಯಸ್ ದಾಟುತ್ತವೆ. ಆ ತಗಡು ಮೇಲಿನ ಫ್ಲೋರ್, ರಬ್ಬರ್, ವೈರಿಂಗ್ ಮತ್ತು ಪೆಟ್ರೋಲ್ ಪೈಪುಗಳನ್ನು ಕಾಯುತ್ತದೆ. ಕೆಲವು ಕಾರುಗಳಲ್ಲಿ ಕೆಳಬದಿಗೂ ಒಂದು ತಗಡು ಇರುತ್ತದೆ, ಅದು ನೆಲದ ಮೇಲಿನ ಹುಲ್ಲು ಕಾದ ಪೈಪಿಗೆ ತಾಗದಂತೆ ತಡೆಯುತ್ತದೆ.

ಶಾಲೆಯ ದಾರಿ, ಮಧ್ಯಾಹ್ನ 1:15

ಅದರಲ್ಲಿಯೂ ನಮ್ಮ ಜಿಲ್ಲೆಗಳಲ್ಲಿ! ಸುಗ್ಗಿಯಲ್ಲಿ ರಸ್ತೆಯುದ್ದಕ್ಕೂ ರಾಶಿಗೆ ಹರಡಿದ ಫಸಲಿನ ಮೇಲೆಯೇ ನಾವು ಗಾಡಿ ಓಡಿಸುತ್ತೇವೆ. ಒಣ ಹೊಟ್ಟು, ಕಣಕಿ ಅಡಿಗೆ ಸಿಕ್ಕಿಕೊಂಡು ಕಾದ ಪೈಪಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ನಮ್ಮ ಊರಿನ ಹತ್ತಿರವೇ ಒಮ್ಮೆ ಒಂದು ಕಾರಿನ ಅಡಿಯಿಂದ ಹೊಗೆ ಎದ್ದು, ಅದರಲ್ಲಿದ್ದವರು ಮಕ್ಕಳನ್ನು ಎತ್ತಿಕೊಂಡು ಹೊಲಕ್ಕೆ ಓಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಪುಣ್ಯಕ್ಕೆ ಪಕ್ಕದ ಹೊಲದವರು ಕೊಡಗಳಲ್ಲಿ ನೀರು ತಂದು ಸುರಿದರು.

ತೊಗರಿ ಕಣಜ, ಮಧ್ಯಾಹ್ನ 1:40

ರಸ್ತೆಯ ಮೇಲೆ ಹರಡುವುದು ನಮಗೇನೂ ಶೋಕಿಯಲ್ಲ ಅಕ್ಕೋರೇ. ಮೊದಲು ಊರಿಗೆ ಹತ್ತು ಕಣಗಳಿದ್ದವು, ಈಗ ಅವೆಲ್ಲ ಪ್ಲಾಟುಗಳಾಗಿವೆ. ಆದರೂ ನಿಮ್ಮ ಮಾತನ್ನು ತೆಗೆದುಹಾಕುವುದಿಲ್ಲ, ತಗಡನ್ನು ಮತ್ತೆ ಕೂರಿಸುವುದಕ್ಕೆ ಎಷ್ಟಾಗುತ್ತದೆಂದು ವಿಚಾರಿಸುತ್ತೇನೆ.

ಭೀಮಾತೀರ, ಮಧ್ಯಾಹ್ನ 2:05

ಹಾಗಾದರೆ ಕನ್ವರ್ಟರ್ ನಿಜವಾಗಿಯೂ ಒಡೆದಿದೆಯೋ, ತಗಡೇ ಸದ್ದು ಮಾಡುತ್ತಿದೆಯೋ ಎಂದು ಹೇಗೆ ತಿಳಿಯುವುದು? ಎರಡೂ ಒಂದೇ ಜಾಗದಲ್ಲಿವೆಯಲ್ಲ.

ಹಳೇ ಫಿಟ್ಟರ್, ಮಧ್ಯಾಹ್ನ 3:30

ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾದ ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ರಬ್ಬರ್ ಸುತ್ತಿಗೆಯಿಂದ ಕನ್ವರ್ಟರಿನ ಡಬ್ಬಿಯನ್ನು ಮೆಲ್ಲಗೆ ತಟ್ಟಬೇಕು. ಅದರೊಳಗೆ ಇರುವುದು ಜೇನುಗೂಡಿನಂಥ ಸೆರಾಮಿಕ್ ಇಟ್ಟಿಗೆ. ಅದು ಒಡೆದಿದ್ದರೆ ಡಬ್ಬಿಯೊಳಗೆ ಗೋಲಿ ಹಾಕಿ ಅಲುಗಾಡಿಸಿದಂತೆ ಗಲಗಲ ಎನ್ನುತ್ತದೆ. ತಗಡಾದರೆ ಕೈಯಲ್ಲಿ ಒತ್ತಿ ಹಿಡಿದು ತಟ್ಟಿದಾಗ ಸದ್ದು ನಿಲ್ಲುತ್ತದೆ. ಒಡೆದ ಚೂರುಗಳು ದಾರಿಗೆ ಅಡ್ಡ ಬಂದಿದ್ದರೆ ಗಾಡಿ ಏರಿನಲ್ಲಿ ಏದುಸಿರು ಬಿಡುತ್ತದೆ.

ಸೆಕೆಂಡ್ ಗೇರ್, ಮಧ್ಯಾಹ್ನ 3:48

ಇದಕ್ಕೆ ನಾನು ಸೇರಿಸುತ್ತೇನೆ, ಈ ಸಲ ಯೋಚಿಸಿಯೇ ಹೇಳುತ್ತಿದ್ದೇನೆ. ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಓಬಿಡಿ ಸ್ಕ್ಯಾನರಿನಲ್ಲಿ ಪಿ0420 ಎಂಬ ಕೋಡ್ ಬಂದರೆ ಕನ್ವರ್ಟರಿನ ಶಕ್ತಿ ಕುಂದಿದೆ ಎಂದು ಎಂಜಿನ್ನಿನ ಕಂಪ್ಯೂಟರಿಗೆ ಅನ್ನಿಸಿದೆ ಎಂದರ್ಥ. ಆದರೆ ಕೆಟ್ಟಿರುವುದು ಆಕ್ಸಿಜನ್ ಸೆನ್ಸರೂ ಆಗಿರಬಹುದು, ಸೈಲೆನ್ಸರ್ ಸಾಲಿನ ಲೀಕೂ ಆಗಿರಬಹುದು. ಕೋಡ್ ಒಂದನ್ನೇ ನಂಬಿ ಹಣ ಸುರಿಯಬಾರದು, ಕೋಡ್ ಇಲ್ಲವೆಂದು ನಿಶ್ಚಿಂತೆಯಿಂದಲೂ ಇರಬಾರದು.

ಹಳೇ ಫಿಟ್ಟರ್, ಮಧ್ಯಾಹ್ನ 3:55

ಶಹಬ್ಬಾಸ್.

ಫರ್ಶಿ ರಸ್ತೆ, ಬುಧವಾರ ರಾತ್ರಿ 8:20

ಕೆಲಸ ಮುಗಿಯಿತು, ವಿವರವಾಗಿ ಬರೆಯುತ್ತೇನೆ. ಮಂಗಳವಾರ ರಾತ್ರಿಯೇ ಕಾರನ್ನು ರಿಂಗ್ ರಸ್ತೆಯ ಆಚೆಗಿರುವ, ಗುಂಡಿ ಇರುವ ಒಂದು ಹಳೆಯ ಗ್ಯಾರೇಜಿನಲ್ಲಿ ಬಿಟ್ಟು ಬಂದಿದ್ದೆ. ಬೆಳಿಗ್ಗೆ ಉಸ್ತಾದರು ಬರುವ ಹೊತ್ತಿಗೆ ನಾನೂ ಹೋದೆ. ಈ ಸಲ ನಾನು ಯಾವ ಭಾಗದ ಹೆಸರನ್ನೂ ಹೇಳಲಿಲ್ಲ. ಎರಡು ಸದ್ದುಗಳಿವೆ, ಒಂದು ಕಾದರೆ ನಿಲ್ಲುತ್ತದೆ, ಇನ್ನೊಂದು ಬ್ರೇಕ್ ಮುಟ್ಟಿದರೆ ನಿಲ್ಲುತ್ತದೆ ಎಂದಷ್ಟೇ ಹೇಳಿದೆ. ಅವರು ಬಾಯಲ್ಲಿದ್ದ ಎಲೆಯನ್ನು ಉಗುಳಿ ಬಂದು, ‘ಅರ್ಧ ಕೆಲಸ ನೀವೇ ಮಾಡಿದಿರಿ’ ಎಂದು ನಕ್ಕರು.

ಎಡಗಡೆಯ ಚಕ್ರ ಬಿಚ್ಚಿ ಪ್ಯಾಡನ್ನು ಬೆರಳಿನಿಂದ ಅಲುಗಾಡಿಸಿದರೆ ಸಡಿಲ ಹಲ್ಲಿನ ಹಾಗೆ ಆಡುತ್ತಿತ್ತು. ಅಲ್ಲಿ ಇರಬೇಕಾದ ಕ್ಲಿಪ್‌ಗಳಲ್ಲಿ ಎರಡು ಇರಲೇ ಇಲ್ಲ. ಬಲಗಡೆಯವು ಇದ್ದವು, ಆದರೆ ತುಕ್ಕು ತಿಂದು ಬಿಗಿ ಕಳೆದುಕೊಂಡಿದ್ದವು. ಎರಡೂ ಕಡೆಗೆ ಹೊಸ ಕ್ಲಿಪ್ ಸೆಟ್ಟಿಗೆ 350 ರೂಪಾಯಿ ಆಯಿತು. ಸ್ಲೈಡ್ ಪಿನ್‌ಗಳನ್ನು ಒರೆಸಿ, ಶಾಖ ತಡೆಯುವ ಗ್ರೀಸ್ ಹಚ್ಚಿದರು.

ಆಮೇಲೆ ಗುಂಡಿಗೆ ಇಳಿದು ಕನ್ವರ್ಟರನ್ನು ತಟ್ಟಿದರು. ಗಟ್ಟಿಯಾಗಿ, ಒಂದೇ ದನಿಯಲ್ಲಿ ‘ಠಣ್’ ಎಂದಿತು. ಒಳಗೆ ಯಾವ ಗಲಗಲವೂ ಇಲ್ಲ. ಪಕ್ಕದ ತಗಡನ್ನು ಮುಟ್ಟಿದರೆ ಝರ್ರ್. ಅದರ ಬೋಲ್ಟು ಜಾಗದಲ್ಲಿಯೇ ಇತ್ತು, ಬಿಗಿಯಾಗಿಯೂ ಇತ್ತು, ಆದರೆ ಬೋಲ್ಟಿನ ಸುತ್ತ ತಗಡು ತುಕ್ಕಿನಿಂದ ಸವೆದು ತೂತು ದೊಡ್ಡದಾಗಿತ್ತು. ಮೇಲುಮೇಲೆ ನೋಡಿದವರಿಗೆ ಎಲ್ಲವೂ ಸರಿಯಿರುವಂತೆಯೇ ಕಾಣುತ್ತದೆ. ಅಗಲವಾದ ವಾಶರ್ ಕೊಟ್ಟು, ಇನ್ನೊಂದು ತುದಿಗೆ ಪೈಪನ್ನು ಬಳಸಿ ಸ್ಟೀಲಿನ ಹೋಸ್ ಕ್ಲಾಂಪ್ ಬಿಗಿದರು. ಸಾಮಾನು 60 ರೂಪಾಯಿ. ಎಲ್ಲದಕ್ಕೂ ಸೇರಿ ಕೂಲಿ 500 ಕೇಳಿದರು, ನಾನು 600 ಕೊಟ್ಟೆ. 38,000ದ ಸದ್ದು 1,010 ರೂಪಾಯಿಗೆ ನಿಂತಿತು.

ಸಂಜೆ ನಮ್ಮ ಓಣಿಯ ಫರ್ಶಿಯ ಮೇಲೆ ಮೂರು ಸಲ ಓಡಾಡಿದೆ. ಅಕ್ಕಪಕ್ಕದವರು ಏನಾಯಿತೆಂದು ಹೊರಗೆ ಬಂದು ನೋಡಿದರು.

ಬಿದರಿ ಕಪ್ಪು, ರಾತ್ರಿ 8:45

ಅಭಿನಂದನೆಗಳು. ಲಿಂಕ್ ರಾಡಿನ ವಿಷಯದಲ್ಲಿ ನಾನು ಸೋತೆ. ಆದರೆ ನಿಮ್ಮ ಎರಡನೆಯ ಮಿಸ್ತ್ರಿ ಲೋಯರ್ ಆರ್ಮ್ ಬೋಲ್ಟುಗಳನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಬಿಗಿದರೋ, ನೆಲಕ್ಕೆ ಇಳಿಸಿದ ಮೇಲೆಯೋ? ನೇತಾಡುವಾಗ ಬಿಗಿದರೆ, ಕಾರು ಇಳಿದೊಡನೆ ಬುಷ್ಷಿನ ರಬ್ಬರ್ ತಿರುಚಿಕೊಂಡೇ ಇರುತ್ತದೆ ಮತ್ತು ಬೇಗ ಹರಿಯುತ್ತದೆ. ಅದೇ ಉಸ್ತಾದರ ಗುಂಡಿಯಲ್ಲಿ, ಭಾರ ಚಕ್ರದ ಮೇಲಿರುವಾಗ ಒಮ್ಮೆ ಸಡಿಲಿಸಿ ಮತ್ತೆ ಬಿಗಿಸಿ, ಅಲೈನ್‌ಮೆಂಟ್ ನೋಡಿಸಿಬಿಡಿರಿ.

ಫರ್ಶಿ ರಸ್ತೆ, ರಾತ್ರಿ 8:52

ನೇತಾಡುವಾಗಲೇ ಬಿಗಿದರು, ನಾನು ಅಲ್ಲಿಯೇ ಚಹಾ ಕುಡಿಯುತ್ತ ನಿಂತಿದ್ದೆ. ಶನಿವಾರ ಮತ್ತೆ ಹೋಗುತ್ತೇನೆ.

ಭೀಮಾತೀರ, ಶನಿವಾರ ಸಂಜೆ 7:30

ನನ್ನದನ್ನೂ ಹೇಳಿ ಮುಗಿಸುತ್ತೇನೆ. ಕಲಬುರಗಿಯ ಅಣ್ಣನವರ ಕಥೆ ಓದಿ, ನನ್ನದೂ ತಗಡೇ ಇರಬೇಕೆಂದು ಕುಣಿಯುತ್ತ ಇಲ್ಲಿಯದೇ ಒಂದು ಗ್ಯಾರೇಜಿಗೆ ಹೋಗಿ ತಟ್ಟಿಸಿದೆ. ಗೋಲಿ ಡಬ್ಬಿ! ಇಟ್ಟಿಗೆ ನಿಜವಾಗಿಯೂ ಒಡೆದು ಚೂರಾಗಿದೆ. ಹೋದ ವರ್ಷ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದ್ದಾಗ, ಮೈಲೇಜ್ ಸ್ವಲ್ಪ ಕಡಿಮೆಯಾದರೇನಂತೆ ಎಂದು ನಾಲ್ಕು ತಿಂಗಳು ಹಾಗೆಯೇ ಓಡಿಸಿದ್ದೆ. ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು, ಅತಿಯಾಗಿ ಕಾದು ಒಡೆದಿದೆ ಎಂದು ಅವರು ವಿವರಿಸಿದರು. ಒಳಗಿನದನ್ನು ಕುಟ್ಟಿ ಖಾಲಿ ಮಾಡಿಕೊಡುತ್ತೇನೆ, ಎರಡು ಸಾವಿರ ಸಾಕು ಎಂದೂ ಹೇಳಿದರು. ಆದರೆ ಹೊಗೆ ತಪಾಸಣೆಯ ಚಿಂತೆ, ಮನೆಯಲ್ಲಿ ಉಬ್ಬಸದ ತಾಯಿ, ಹಾಗಾಗಿ ಬೇಡವೆಂದು ಹೊಸದನ್ನೇ ಹಾಕಿಸಿದೆ.

ಹಳೆಯದರಲ್ಲಿ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಇರುತ್ತವೆ, ಅದಕ್ಕೂ ಬೆಲೆಯಿದೆ ಎಂದು ನಮ್ಮ ಹುಡುಗ ಹೇಳಿದ್ದರಿಂದ, ಅದನ್ನು ಗ್ಯಾರೇಜಿನಲ್ಲಿ ಬಿಡದೆ ಗೋಣಿಚೀಲದಲ್ಲಿ ಕಟ್ಟಿಸಿಕೊಂಡು ಡಿಕ್ಕಿಯಲ್ಲಿಟ್ಟು ತಂದೆ. ಮನೆ ಮುಟ್ಟುವವರೆಗೂ ಅದು ಹಿಂದಿನಿಂದ ಗಲಗಲ ಎನ್ನುತ್ತಲೇ ಇತ್ತು.